ಬಿಸಿಲಿಗೆ ಏರುವ ಶ್ರುತಿ

ಹುಣಸೆ ಬಡಿಯುವ ಕಾಲ. ಹರಿಯಬ್ಬೆ ಊರಿನ ಒಂದು ಮನೆಯಂಗಳದಲ್ಲಿ ಒಣಗಲು ಹರವಿದ್ದ ಹಣ್ಣನ್ನು ಹೆಂಗಸರು ಗೋಡೆ ಪಕ್ಕಕ್ಕೆ ಗೋರಿ, ಹೆಣ ಕೂರಿಸಿ ಒಯ್ಯುವ ವಿಮಾನ ಕಟ್ಟುವವರಿಗೆ ಜಾಗ ಬಿಡಿಸುತ್ತಿದ್ದರು. ಒಳಗೆ ರೇಡಿಯೋ ರಿಪೇರಿಯ ಪರಮೇಶ್ವರಪ್ಪನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆ ತುಂಬ ವಿಭೂತಿ. ಬೆಳಗಿನಿಂದ ಅವನೆದುರು ತತ್ವಪದ ಹಾಡುತ್ತಿದ್ದ ಗೆಳೆಯ ಪಾಲಯ್ಯನ ಗಂಟಲು ಕಟ್ಟಿತ್ತು.

ಕೊಟ್ರಮ್ಮ ಗಂಡನ ಮರದ ಪೆಟ್ಟಿಗೆಯನ್ನು ತಂದು ಪಾಲಯ್ಯನ ಮುಂದಿಟ್ಟಳು. ಟಾರ್ಚಿನ ಸೆಲ್ಲು ಹಾಕಿದರೆ ತಾನಾಗಿ ಒಂದೇ ಸ್ವರ ಹಿಡಿದು ನಿಲ್ಲುವ ಶ್ರುತಿಪೆಟ್ಟಿಗೆ, ಪರಮೇಶ್ವರಪ್ಪ ಕೈಯಾರೆ ಕಟ್ಟಿದ್ದು.

"ಹೋಗೋವಾಗ ಇದಕ್ಕೇ ಹಾಡಣ್ಣ."

ಹಾರ್ಮೋನಿಯಂ ಕಾಟಲಿಂಗಪ್ಪ ಹೌಹಾರಿದ. "ಕೊಟ್ರಕ್ಕ, ಮಟಮಟ ಮಧ್ಯಾಹ್ನ ಐತೆ. ಬಿಸಿಲು ಬಿದ್ರೆ ಅದರ ಸ್ವರ ಎತ್ಲಾಗೋ ಹೋಗ್ತೈತೆ. ಸತ್ತೋನ್ನ ಮುಂದಿಟ್ಕಂಡು ಊರು ನಗಬೇಕಾ?"

"ಮೊದ್ಲು ನಗಿಸಿದ್ದು ಊರಲ್ಲಪ್ಪ, ನೀವು."

ಪಾಲಯ್ಯ ಪೆಟ್ಟಿಗೆಯನ್ನು ತನ್ನತ್ತ ಎಳೆದುಕೊಂಡ.

*

ಹೋದ ಬೇಸಿಗೆ, ಎಪ್ಪತ್ತಾರರಲ್ಲಿ, ತುರುವನೂರಿನಲ್ಲಿ ಭಜನೆ. ಬೆಳಿಗ್ಗೆ ಪೆಟ್ಟಿಗೆ ಚೆನ್ನಾಗಿಯೇ ನಡೆಯಿತು. ತಗಡಿನ ಚಪ್ಪರ ಕಾದಂತೆ ಅದರ ಸ್ವರ ಮೆಲ್ಲಗೆ ಮೇಲೇರಿ, ಹಾರ್ಮೋನಿಯಂ ಒಂದು ದಾರಿ, ಪೆಟ್ಟಿಗೆ ಒಂದು ದಾರಿಯಾಯಿತು. ಪಾಲಯ್ಯ ಹಾಡು ನಿಲ್ಲಿಸಿ, "ಪರಮೇಶಿ, ನಿನ್ನ ಪೆಟ್ಟಿಗೆಗೆ ಬಿಸಿಲು ಹೊಡದೈತೆ, ಮಜ್ಜಿಗೆ ಕುಡ್ಸೋ!" ಅಂದ. ಜನ ಬಿದ್ದು ಬಿದ್ದು ನಕ್ಕರು. ಪರಮೇಶ್ವರಪ್ಪನೂ ನಕ್ಕ. ಆದರೆ ಮತ್ತೆ ಅದನ್ನು ಭಜನೆಗೆ ತರಲಿಲ್ಲ.

ಈ ಶಿವರಾತ್ರಿಯ ಹಿಂದೆಮುಂದೆ ಪಾಲಯ್ಯ ಹಿರಿಯೂರಿನ ರಿಪೇರಿ ಅಂಗಡಿಗೆ ಹೋದಾಗ ಪರಮೇಶ್ವರಪ್ಪ ಪೆಟ್ಟಿಗೆ ಬಿಚ್ಚಿಕೊಂಡು ಕೂತಿದ್ದ. ಸ್ವರದ ಎತ್ತರ ಹಿಡಿದಿಡುವ, ಬಿಲ್ಲೆಯಂಥ ಒಂದು ಕಂಡೆನ್ಸರನ್ನು ಎರಡು ಬೆರಳಲ್ಲಿ ಹಿಡಿದ. ಸ್ವರ ಕದಲಿತು.

"ನೋಡು, ಬೆರಳಿನ ಬಿಸಿನೂ ತಡಿಯಲ್ಲ ಮುಂಡೇದು." ಇನ್ನೊಂದನ್ನು ತೋರಿಸಿದ, ಗಾಜಿನಂಥ ತೆಳು ಹಾಳೆ ಸುತ್ತಿದ ಹಾಗಿತ್ತು. "ಇದು ತಡೀತೈತೆ. ನಂಗೆ ಬೇಕಾದಷ್ಟು ದೊಡ್ಡದು ದುರ್ಗದಾಗೂ ಇಲ್ಲ, ದಾವಣಗೆರೆಯಾಗೂ ಇಲ್ಲ. ಅದ್ಕೇ ಕೆಟ್ಟ ರೇಡಿಯೋದಾಗಿನ ಸಣ್ಣಸಣ್ಣವು ಕಿತ್ತು, ಮಗ್ಗುಲಿಗೆ ಮಗ್ಗುಲು ಸೇರ್ಸಿ, ಎಲ್ಲ ಕೂಡಿ ಒಂದು ದೊಡ್ಡದರ ಕೆಲಸ ಮಾಡಂಗೆ ಮಾಡ್ತಿದೀನಿ. ಅರ್ಧ ಆಗೈತೆ. ಭರಮಸಾಗರದಿಂದ ಇನ್ನೊಂದಿಷ್ಟು ಹಳೇ ರೇಡಿಯೋ ಬರಬೇಕು."

"ಆಗ್ಲಿ ಬಿಡು. ಇನ್ನೊಂದ್ಸಲ ಜನದ ಮುಂದೆ ಇದಕ್ಕೇ ಹಾಡ್ತೀನಿ."

"ಮಾತಾ?"

"ಮಾತು ಕಣಲೇ."

*

"ಅರ್ಧ ಉಳಿದಿತ್ತಲ್ಲಮ್ಮ," ಎಂದ ಪಾಲಯ್ಯ.

"ಹಂಗೇ ಉಳೀತು," ಎಂದಳು ಕೊಟ್ರಮ್ಮ.

ಅವನು ಪೆಟ್ಟಿಗೆಯನ್ನು ಹೆಗಲಿಗೆ ತೂಗಿಹಾಕಿ ಗುಂಡಿ ತಿರುಗಿಸಿದ. ವಿಮಾನ ಎದ್ದಿತು.

ಊರ ಬೇವಿನ ನೆರಳು ಇರುವಷ್ಟು ದೂರ ಸ್ವರ ಅಲುಗಲಿಲ್ಲ. ಕಾಟಲಿಂಗಪ್ಪನೇ ಹುಬ್ಬೇರಿಸಿ ನೋಡಿದ. ಹಳ್ಳ ದಾಟಿದ ಮೇಲೆ ಬರೀ ಬಯಲು. ಮೊದಲು ಗೊತ್ತಾದದ್ದು ಪಾಲಯ್ಯನಿಗೆ: ಎಳೆಯಷ್ಟು ಏರಿತ್ತು. ತಲೆಯ ರುಮಾಲು ಬಿಚ್ಚಿ ಪೆಟ್ಟಿಗೆಗೆ ಹೊದಿಸಿದ. ಇನ್ನೊಂದೆಳೆ ಏರಿತು.

"ಬಂದ್ ಮಾಡಲೇ," ಎಂದು ಕಾಟಲಿಂಗಪ್ಪ ಕಿವಿಯಲ್ಲಿ ಗೊಣಗಿದ. "ನನ್ನ ಹಾರ್ಮೋನಿಯಂ ಅದರ ಹಿಂದೆ ಬರಾಕಾಗಲ್ಲ."

"ಹಂಗಾರೆ ನಿಂದೇ ಬಂದ್ ಮಾಡು."

ಕಾಟಲಿಂಗಪ್ಪ ಅವನ ಮುಖ ನೋಡಿದ. ಹಾರ್ಮೋನಿಯಂನ ತಿದಿ ಮುಚ್ಚಿದ. ಪಾಲಯ್ಯ ಪೆಟ್ಟಿಗೆಯ ಬೆನ್ನು ಹತ್ತಿ, ಅದು ಏರಿದಷ್ಟೂ ತಾನೂ ಏರುತ್ತ ಹಾಡಿದ. ತಾಳದವರೂ ದನಿ ಎತ್ತಿದರು. ಯಾರೂ ನಗಲಿಲ್ಲ.

"ನೋಡೇ, ಸಂಕಟಕ್ಕೆ ಹೆಂಗೆ ದನಿ ಏರಿಸ್ತಾನೆ," ಎಂದು ಹಿಂದೆ ಯಾವಳೋ ಸೆರಗಿಗೆ ಮೂಗೊರೆಸಿಕೊಂಡಳು.

ಸಮಾಧಿಯ ಬಳಿ ವಿಮಾನ ಇಳಿಯಿತು. ಸ್ವರ ಆಗಲೇ ಪಾಲಯ್ಯನ ಕಟ್ಟಿದ ಗಂಟಲಿಗೆ ಎಟುಕದಷ್ಟು ಮೇಲಿತ್ತು. ದನಿ ಒಡೆಯಿತು. ಅವನು ನಿಲ್ಲಿಸಲಿಲ್ಲ, ಒಡೆದ ದನಿಯಲ್ಲೇ ಅದನ್ನು ಮುಟ್ಟಲು ಕುತ್ತಿಗೆಯ ನರ ಉಬ್ಬಿಸಿ ಹಾಡುತ್ತಿದ್ದ. ಕೆಳಗೆ ಸಮಾಧಿಯ ಗುಂಡಿಯೊಳಗೆ ಪರಮೇಶ್ವರಪ್ಪನನ್ನು ಕೂರಿಸುತ್ತಿದ್ದರು. ಪಕ್ಕದಲ್ಲಿ ಕಾಟಲಿಂಗಪ್ಪ ಕಣ್ಣು ಮುಚ್ಚಿ, ಮುಚ್ಚಿದ ಹಾರ್ಮೋನಿಯಂನ ಹಲಗೆಯ ಮೇಲೆ ಬೆರಳಿಂದ ತಾಳ ಕುಟ್ಟುತ್ತಿದ್ದ.