ಮುನಕ್ಕ ಗುಳಿಗೆ

ಕಾನಹೊಸಹಳ್ಳಿಯ ಶೇಂಗಾ ಮಿಲ್ಲಿನ ಕೊಟ್ರಬಸಪ್ಪ ಕುಡಿತ ಬಿಟ್ಟು ನಾಲ್ಕು ವರ್ಷವಾಗಿತ್ತು. ಊರಲ್ಲಿ ಕುಡಿತ ಬಿಟ್ಟವರು ಬೇರೆಯವರೂ ಇದ್ದರು. ಡಾಕ್ಟರು ಹೆದರಿಸಿದ ಮೇಲೆ ಬಿಟ್ಟವರು, ಹೆಂಡತಿ ತವರಿಗೆ ಹೋದ ಮೇಲೆ ಬಿಟ್ಟವರು, ಬಿಟ್ಟು ಮತ್ತೆ ಹಿಡಿದವರು. ಆದರೆ ತಾನು ಬಿಟ್ಟದ್ದಲ್ಲದೆ ಇನ್ನೂ ಹನ್ನೊಂದು ಜನರಿಂದ ಬಿಡಿಸಿದವನು ಅವನೊಬ್ಬನೇ.

ಪ್ರತಿ ಸೋಮವಾರ ಸಂಜೆ ಯಂತ್ರ ನಿಂತು, ಹೊಟ್ಟಿನ ಧೂಳು ನೆಲಕ್ಕೆ ಕೂತ ಮೇಲೆ, ಆ ಹನ್ನೆರಡು ಜನ ಮಿಲ್ಲಿನ ಶೆಡ್ಡಿನಲ್ಲಿ ಗೋಣಿಚೀಲ ಹಾಸಿ ಕೂರುತ್ತಿದ್ದರು. ಭಾಷಣವಿಲ್ಲ, ಭಜನೆಯಿಲ್ಲ. ಚಹಾ, ಒಂದಿಷ್ಟು ಮಂಡಕ್ಕಿ, ಆ ವಾರ ಯಾರಿಗೆ ಎಲ್ಲಿ ಕಾಲು ಜಾರುವಂತಾಯಿತು ಎಂಬ ಮಾತು. ಒಮ್ಮೊಮ್ಮೆ ಅದೂ ಇಲ್ಲದೆ ಸುಮ್ಮನೆ ಕೂತು ಎದ್ದು ಹೋಗುವುದೂ ಇತ್ತು. ಹೊಸಬ ಬಂದರೆ ಮಾತ್ರ ಆಣೆ. ಅದು ದೇವರ ಮೇಲಲ್ಲ, ತಾಟಿನ ಮೇಲೆ. ಮನೆಯಾಕೆ ದಿನವೂ ಗಂಡನಿಗೆ ಬಡಿಸುವ ತಾಟಿನಲ್ಲಿ ಒಂದು ರೊಟ್ಟಿ ಇಟ್ಟುಕೊಂಡು ಬರಬೇಕು. ಅವನು ಅದರ ಅಂಚು ಮುಟ್ಟಿ, "ಅಮಲಿನ ಪದಾರ್ಥ ಇನ್ನ ಈ ಬಾಯಿಗೆ ಹೋಗಂಗಿಲ್ಲ. ಹೋದ್ರ ಈ ತಾಟಿನ್ಯಾಗ ಉಣ್ಣಂಗಿಲ್ಲ" ಎನ್ನಬೇಕು.

ದೇವರ ಮೇಲೆ ಯಾಕಲ್ಲ ಎಂದು ಯಾರೋ ಕೇಳಿದ್ದಕ್ಕೆ ಕೊಟ್ರಬಸಪ್ಪ ಹೇಳಿದ್ದು ಇಷ್ಟೇ: "ದೇವ್ರು ಕ್ಷಮಾ ಮಾಡಿಬಿಡ್ತಾನಪ. ತಾಟು ದಿನಕ್ಕ ಎರಡು ಸಲ ಎದುರಿಗೆ ಬರ್ತೈತಿ."

ಆ ಆಣೆಯಲ್ಲಿ ಮೊದಲು ಇದ್ದ ಮಾತು 'ಸಾರಾಯಿ' ಎಂದು. ಎರಡನೇ ವರ್ಷ ಹಮಾಲಿ ಗಾದೆಪ್ಪ ಹಗರಿಬೊಮ್ಮನಹಳ್ಳಿಯ ಮದುವೆಯೊಂದರಿಂದ ತೂರಾಡುತ್ತ ಬಂದು, "ನಾ ಬಿಟ್ಟಿದ್ದು ಸಾರಾಯಿ, ಇದು ಬ್ರಾಂಡಿ" ಎಂದು ವಾದ ಹೂಡಿದ. ಎಲ್ಲರೂ ನಕ್ಕರು. ಕೊಟ್ರಬಸಪ್ಪ ನಗಲಿಲ್ಲ. ಮರುವಾರವೇ ಆಣೆಯ ಮಾತು ಬದಲಿಸಿದ. "ಅಮಲು ಅಂದ್ರ ಅಮಲು. ಬಾಟ್ಲಿನ್ಯಾಗಾರ ಇರ್ಲಿ, ಪಾಕೀಟಿನ್ಯಾಗಾರ ಇರ್ಲಿ, ನಿಮ್ಮಪ್ಪನ ಚಿಲುಮಿನ್ಯಾಗಾರ ಇರ್ಲಿ" ಎಂದು ಗಾದೆಪ್ಪನ ಮುಖ ನೋಡಿಯೇ ಹೇಳಿದ. ಹನ್ನೆರಡು ಜನವೂ ಹೊಸದಾಗಿ ತಾಟು ಮುಟ್ಟಿದರು. ಮೊದಲು ಮುಟ್ಟಿದವನು ಅವನೇ.

ಇದನ್ನೆಲ್ಲ ಮಗಳು ಸುಮಂಗಲಾ ದೂರದಿಂದ ನೋಡುತ್ತ ಬೆಳೆದಿದ್ದಳು. ಕೊಟ್ಟೂರಿನಲ್ಲಿ ಬಿ.ಎ. ಮುಗಿಸಿ, ಈಗ ಹೈವೇ ಬದಿಯ ರಾಮಣ್ಣನ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಳು. ಅಪ್ಪನ ಬಗ್ಗೆ ಅವಳಿಗಿದ್ದ ಅಭಿಮಾನ ಬಾಯಿಗೆ ಬರುವಂಥದ್ದಲ್ಲ. ಕುಡಿಯುತ್ತಿದ್ದ ಕಾಲದಲ್ಲಿ ಅವನು ಮನೆಗೆ ಬರುವ ಹೊತ್ತಿಗೆ ಅವಳು ಪುಸ್ತಕ ಹಿಡಿದು ಹಿತ್ತಲಿಗೆ ಹೋಗುತ್ತಿದ್ದಳು. ಈಗ ಊಟವಾದ ಮೇಲೆ ಅವನು ಕಟ್ಟೆಯ ಮೇಲೆ ಕಾಲು ಚಾಚಿ ಕೂರುತ್ತಿದ್ದ, ಅವಳು ಪಕ್ಕದಲ್ಲಿ ಕೂರುತ್ತಿದ್ದಳು. ಅವನ ಮುಖದಲ್ಲಿ ಒಂದು ಸಡಿಲವಾದ ನಗು ಇರುತ್ತಿತ್ತು. ಇಬ್ಬರೂ ಮಾತಾಡದೆ ಅರ್ಧ ತಾಸು ಕಳೆಯುತ್ತಿದ್ದರು. ಆ ಮೌನ ತನ್ನ ಪಾಲಿಗೆ ಬಂದ ಆಸ್ತಿ ಎಂದು ಅವಳು ತಿಳಿದಿದ್ದಳು.

ಊಟದ ನಂತರ ಅವನಿಗೆ ಒಂದು ಮುನಕ್ಕ ಗುಳಿಗೆ ಬೇಕಿತ್ತು. ಹೈವೇ ಮೇಲಿನ ಪಾನ್ ಅಂಗಡಿಗಳಲ್ಲೆಲ್ಲ ಅದು ಮಾಲೆಮಾಲೆಯಾಗಿ ತೂಗುತ್ತಿತ್ತು. ಕಪ್ಪಗೆ, ಅಂಟಂಟಾಗಿ, ಒಂದೊಂದೇ ಚೀಟಿಯಲ್ಲಿ ಸುತ್ತಿದ್ದು. ಚೀಟಿಯ ಮೇಲೆ ಹಸಿರು ದ್ರಾಕ್ಷಿ ಗೊಂಚಲಿನ ಚಿತ್ರ, ಸುತ್ತ ಹಿಂದಿ ಅಕ್ಷರ. ಮಿಲ್ಲಿನಲ್ಲಿ ತೂಕ ಮಾಡುವ ಸಾಬರು ಮುನಕ್ಕ ಎಂದರೆ ಒಣದ್ರಾಕ್ಷಿ ಎಂದಿದ್ದರು. ಅದು ಸುಳ್ಳೇನೂ ಅಲ್ಲ. ಕೊಟ್ರಬಸಪ್ಪನ ತಾಯಿಯೂ ಮಕ್ಕಳ ಹೊಟ್ಟೆ ಕಟ್ಟಿದಾಗ ಒಣದ್ರಾಕ್ಷಿ ನೆನೆಹಾಕಿ ಕೊಡುತ್ತಿದ್ದವಳೇ. "ಹೊಟ್ಟಿ ಹಗುರಾಗತೈತಿ, ಉಂಡದ್ದು ರುಚಿ ಹತ್ತತೈತಿ, ನಿದ್ದಿ ಬರ್ತೈತಿ" ಎಂದು ಅವನು ಬಾಯ್ತುಂಬ ಹೊಗಳುತ್ತಿದ್ದ. ಕುಡಿತ ಬಿಟ್ಟ ಹೊಸದರಲ್ಲಿ ಕೈ ನಡುಗುವವರಿಗೆ, ರಾತ್ರಿ ಹೊರಳಾಡುವವರಿಗೆ ಜೇಬಿನಿಂದ ತೆಗೆದು ಕೊಡುತ್ತಿದ್ದ. "ತಿನ್ನಲೇ, ದ್ರಾಕ್ಷಿ ಅದು. ಎದಿ ತಣ್ಣಗಾಗ್ತೈತಿ."

ಒಂದು ಶುಕ್ರವಾರ ಬಟ್ಟೆ ಒಗೆಯಲು ಕೂತ ಸುಮಂಗಲಾಳ ಕೈಗೆ ಅಪ್ಪನ ಅಂಗಿಯ ಜೇಬಿನಿಂದ ಖಾಲಿ ಚೀಟಿಯೊಂದು ಬಂತು. ಹೈಸ್ಕೂಲಿನಲ್ಲಿ ಕಲಿತ ಹಿಂದಿ ಪೂರ್ತಿ ಮರೆತಿರಲಿಲ್ಲ. ಸುಮ್ಮನೆ ಓದಿದಳು. ಶುಂಠಿ, ಮೆಣಸು, ಒಣದ್ರಾಕ್ಷಿ. ಅದರ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ಶುದ್ಧ ಭಾಂಗ್.

ಒದ್ದೆ ಕೈಯಲ್ಲೇ ಚೀಟಿಯನ್ನು ಮಡಚಿಟ್ಟುಕೊಂಡು ಅಂಗಡಿಗೆ ಹೋದವಳು ರಾಮಣ್ಣನ ಮುಂದೆ ಇಟ್ಟಳು. ರಾಮಣ್ಣ ಕನ್ನಡಕ ಏರಿಸಿ ನೋಡಿ, "ಇದ? ಭಂಗಿ ಗುಳಿಗಿಯವ್ವ. ಉತ್ತರದ ಕಡಿ ಲಾರಿ ಡ್ರೈವರ್‌ಗಳು ತಿಂತಾರ. ಔಷಧಿ ಅಂತ ಲೈಸೆನ್ಸ್ ಐತಿ, ಪೊಲೀಸರೂ ಕೇಳಂಗಿಲ್ಲ. ನಾ ಮಾತ್ರ ಇಡಂಗಿಲ್ಲ. ಯಾಕ, ಯಾರು ಕೇಳಿದ್ರು?" ಎಂದ.

"ಯಾರೂ ಇಲ್ರಿ" ಎಂದಳು ಸುಮಂಗಲಾ.

ಆ ದಿನ ಅವಳು ಬಾಮ್ ಕೇಳಿದವರಿಗೆ ಹುಣ್ಣಿನ ಮುಲಾಮು ಕೊಟ್ಟಳು, ಚಿಲ್ಲರೆ ತಪ್ಪಾಗಿ ಎಣಿಸಿದಳು. ಭಂಗಿ ಎಂಬುದಕ್ಕಿಂತ ಹೆಚ್ಚಾಗಿ ಅವಳನ್ನು ಕೊರೆದದ್ದು ಬೇರೆ. ನಾಲ್ಕು ವರ್ಷ ಕಟ್ಟೆಯ ಮೇಲೆ ತನ್ನ ಪಕ್ಕ ಕೂತಿದ್ದ ಆ ಶಾಂತ ಮನುಷ್ಯ ಯಾರು? ಅಪ್ಪನೋ, ಗುಳಿಗೆಯೋ?

ಹೇಳದೆ ಇದ್ದುಬಿಡಬಹುದಿತ್ತು. ಆದರೆ ಬರುವ ಸೋಮವಾರ ಲಾರಿ ಡ್ರೈವರ್ ಮಾರೇಶ ಆಣೆ ಮಾಡುವವನಿದ್ದ. ಮೂರು ಸಲ ಬಿಟ್ಟು ಮೂರು ಸಲ ಹಿಡಿದ ಗಟ್ಟಿ ಆಸಾಮಿ. ಅಪ್ಪ ಅವನ ಹಿಂದೆ ಆರು ತಿಂಗಳು ಬಿದ್ದಿದ್ದ. ವಾರದಿಂದ ಅವನಿಗೂ ದಿನಕ್ಕೆರಡು ಗುಳಿಗೆ ಕೊಡುತ್ತಿದ್ದ.

ಶನಿವಾರ ಬೆಳಿಗ್ಗೆ ಅಪ್ಪ ಚಹಾ ಕುಡಿಯುವಾಗ ಅವಳು ಚೀಟಿ ಬಿಚ್ಚಿ ನೆಲದ ಮೇಲಿಟ್ಟಳು. "ಅಪ್ಪ, ಇದರಾಗ ದ್ರಾಕ್ಷಿ ಅಷ್ಟ ಅಲ್ಲ. ಭಂಗಿ ಐತಿ."

ಕೊಟ್ರಬಸಪ್ಪ ನಕ್ಕ. "ಯಾರವ್ವ ಹೇಳಿದ್ದು? ಚಿತ್ರ ನೋಡು."

"ಚಿತ್ರ ಅಲ್ಲಪ್ಪ, ಅಕ್ಷರ ನೋಡು."

"ಯಾವ ಅಕ್ಷರ? ಬಟ್ಟಿಟ್ಟು ತೋರ್ಸು."

ಅವಳು ಬೆರಳಿಟ್ಟಳು. ಅವನು ಹಿಂದಿ ಬಾರದವನು, ಆದರೂ ಬಗ್ಗಿ ಆ ಅಕ್ಷರವನ್ನು ಬಹಳ ಹೊತ್ತು ನೋಡಿದ. "ಇನ್ನೊಮ್ಮೆ ಓದು" ಎಂದ. ಓದಿದಳು. "ಇನ್ನೊಮ್ಮೆ." ಓದಿದಳು. ರಾಮಣ್ಣ ಹೇಳಿದ್ದನ್ನೂ ಹೇಳಿದಳು. ಚಹಾದ ಮೇಲೆ ಕೆನೆ ಕಟ್ಟಿತು.

ತಾಯಿ ಮಾಳಮ್ಮ ಒಲೆಯ ಮುಂದಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ಹಿಟ್ಟಿನ ಕೈ ಕೊಡವಿ ಬಂದು ಗಂಡನ ಎದುರಿಗೆ ಕೂತಳು.

"ಸುಮ್ಕಿರ್ರಿ. ಗೊತ್ತಿಲ್ದ ತಿಂದದ್ದು ತಿಂದಂಗಲ್ಲ. ಇವತ್ತಿಂದ ಬಿಡ್ರಿ, ಮುಗೀತು. ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ."

"ಹನ್ನೊಂದು ಮಂದಿಗೆ ನಾನ ಕೊಟ್ಟೀನಿ, ಮಾಳವ್ವ."

"ಕೊಟ್ರ ಏನಾತು? ಕುಡಿಯಾದು ಬಿಟ್ಟಾರೋ ಇಲ್ಲೋ? ಆ ಹೆಣ್ಮಕ್ಕಳು ನೆಮ್ಮದಿಯಿಂದ ಅದಾರೋ ಇಲ್ಲೋ? ನೀವು ಹೋಗಿ ಹೇಳಿದ್ರ ನಾಳಿಗೆ ಸಾರಾಯಿ ಅಂಗಡಿ ಮುಂದ ನಿಂತಿರ್ತಾರ." ಅವಳ ದನಿ ಇಳಿಯಿತು. "ಆ ಕೂಟ ಮುರಿದ್ರ ನೀವು ಉಳಿತೀರೇನು? ಅದನ್ನರ ವಿಚಾರ ಮಾಡ್ರಿ."

ಕೊಟ್ರಬಸಪ್ಪ ಎದ್ದು ಮಿಲ್ಲಿಗೆ ಹೋದ. ಶನಿವಾರವೂ ಭಾನುವಾರವೂ ಅವನು ಗುಳಿಗೆ ತಿನ್ನಲಿಲ್ಲ, ಊಟ ಅರ್ಧಕ್ಕೇ ಬಿಟ್ಟ, ಕಟ್ಟೆಯ ಮೇಲೆ ಕೂರಲಿಲ್ಲ. ಪಕ್ಕದ ಮನೆಯ ರೇಡಿಯೋಕ್ಕೆ ರೇಗಿದ. ಸುಮಂಗಲಾ ನೀರು ಕೊಟ್ಟರೆ "ಇಡು ಅಲ್ಲೇ" ಎಂದು ಒದರಿದ. ಹಳೆಯ ಅಪ್ಪನ ದನಿ ಅದು. ಅವಳ ಕಾಲುಗಳು ತಾವಾಗಿಯೇ ಹಿತ್ತಲ ಕಡೆ ತಿರುಗಿದವು. ಓದಿ ತಪ್ಪು ಮಾಡಿದೆನೆಂದು ಅವಳಿಗೆ ಖಾತ್ರಿಯಾಯಿತು.

ಸೋಮವಾರ ಅವಳು ಅಂಗಡಿಯಿಂದ ಬೇಗ ಬಂದು ಶೆಡ್ಡಿನ ಬಾಗಿಲಲ್ಲಿ ನಿಂತಳು. ಮಾರೇಶ ಹೊಸ ಅಂಗಿ ತೊಟ್ಟು ಬಂದಿದ್ದ. ಅವನ ಹೆಂಡತಿ ಸ್ಟೀಲ್ ತಾಟನ್ನು ಎರಡೂ ಕೈಯಲ್ಲಿ ಹಿಡಿದು, ಜನರ ಮುಂದೆ ನಿಂತ ನಾಚಿಕೆಗೂ ಹೆಮ್ಮೆಗೂ ತಲೆ ಬಗ್ಗಿಸಿದ್ದಳು.

"ಲೇ ಮಾರೇಶ, ಇವತ್ತು ನಿನ್ನ ಮದುವಿನೋ, ಆಣಿನೋ?" ಗಾದೆಪ್ಪ ಛೇಡಿಸಿದ.

"ಮದುವ್ಯಾಗೂ ಇಷ್ಟ್ ಹೆದರಿದ್ದಿಲ್ಲ ಬಿಡಣ್ಣ" ಎಂದ ಮಾರೇಶ. ಎಲ್ಲ ನಕ್ಕರು. ಅವನು ತಾಟಿಗೆ ಕೈ ಚಾಚಿದ.

"ಮುಟ್ಟಬ್ಯಾಡ" ಎಂದ ಕೊಟ್ರಬಸಪ್ಪ.

ಕೈ ಅಲ್ಲೇ ನಿಂತಿತು. ಕೊಟ್ರಬಸಪ್ಪ ಜೇಬಿನಿಂದ ಚೀಟಿ ತೆಗೆದು ಎಲ್ಲರಿಗೂ ಕಾಣುವಂತೆ ಹಿಡಿದ. "ಇದು ದ್ರಾಕ್ಷಿ ಅಲ್ಲ. ಭಂಗಿ. ನನ್ನ ಮಗಳು ಓದಿ ಹೇಳಿದ್ಲು. ನಾಲ್ಕು ವರ್ಷ ನಾ ಅಮಲಿನ್ಯಾಗ ಇದ್ದೀನಿ. ನಿಮಗೂ ತಿನ್ನಿಸೀನಿ. ಇದನ್ನ ಮಾರಾದು ಕಾನೂನಿಗೆ ತಪ್ಪಲ್ಲಂತ. ನಮ್ಮ ಆಣಿಗೆ ತಪ್ಪು."

ಗಾದೆಪ್ಪ ಮೆಲ್ಲಗೆ, "ಅದಕ್ಕನ ನಮ್ಮತ್ತಿ ಬೈದ್ರೂ ನಗು ಬರ್ತಿತ್ತು ನನಗ" ಎಂದ. ಒಬ್ಬಿಬ್ಬರು ನಗಲು ಹೋಗಿ ನಿಲ್ಲಿಸಿದರು. ಗಾದೆಪ್ಪನೇ ಮತ್ತೆ ಹೇಳಿದ: "ಯಣ್ಣಾ, ಬಿಡು. ನಾವು ಬಿಟ್ಟಿದ್ದು ಕುಡಿಯಾದು. ಇದನ್ನ ಕುಡಿದ್ವೇನು? ತಿಂದೀವಿ."

"ಬ್ರಾಂಡಿ ಕುಡಿದ ದಿನಾನೂ ನೀ ಹಿಂಗ ಅಂದಿದ್ದಿ ಗಾದೆಪ್ಪ. ಆಗ ನಾ ನಗಲಿಲ್ಲ. ಈಗ ನನ್ನ ಪಾಳಿ ಬಂದಾಗ ನಗ್ಲೇನು? ಅಮಲು ಅನ್ನೋ ಮಾತು ಕೂಡಿಸಿದವ ನಾನ."

ಮಾರೇಶನ ಮುಖ ಕೆಂಪಗಾಗಿತ್ತು. "ಹಂಗಾದ್ರ ಎಂಟು ದಿನ ಕೈ ನಡುಗಲಿಲ್ಲಲ್ಲ, ಅದು ನಾನಲ್ಲ? ಗುಳಿಗಿ? ಹೆಂಡ್ತಿ ಮುಂದ ಗಂಡಸಾಗಿ ನಿಂತೀನಿ ಅಂತ ತಿಳ್ಕೊಂಡಿದ್ನಲ್ಲೋ ಯಣ್ಣಾ! ನಿನ್ನ ನಂಬಿ ಬಂದೆ ನಾನು." ಅವನು ಚಪ್ಪಲಿಯನ್ನೂ ಮೆಟ್ಟದೆ ಕೈಯಲ್ಲಿ ಹಿಡಿದು ಹೊರಗೆ ನಡೆದ. ಹೆಂಡತಿ ತಾಟು ಹಿಡಿದುಕೊಂಡೇ ಅವನ ಹಿಂದೆ ಓಡಿದಳು. ಇನ್ನಿಬ್ಬರು ಎದ್ದು ಹೋದರು.

ಕೊಟ್ರಬಸಪ್ಪ ಅವರನ್ನು ತಡೆಯಲಿಲ್ಲ, ಕ್ಷಮಿಸಿ ಎನ್ನಲಿಲ್ಲ, ಅಳಲಿಲ್ಲ. ಪೆಟ್ಟು ಬೀಳುತ್ತದೆಂದು ಗೊತ್ತಿದ್ದೂ ಕೈ ಅಡ್ಡ ಹಿಡಿಯದವನ ಹಾಗೆ ನಿಂತಿದ್ದ. ಸುಮಂಗಲಾ ಅಪ್ಪನನ್ನು ಎಷ್ಟೋ ಬಗೆಯಲ್ಲಿ ಕಂಡಿದ್ದಳು. ಇಷ್ಟು ಬರಿಗೈಯಲ್ಲಿ ಕಂಡಿರಲಿಲ್ಲ. ಇದು ಮಾತ್ರ ಗುಳಿಗೆಯಲ್ಲ ಎಂದು ಅವಳ ಮನಸ್ಸು ಸ್ಪಷ್ಟವಾಗಿ ಹೇಳಿತು. ಮೂರು ದಿನದಿಂದ ಗುಳಿಗೆ ಮುಟ್ಟದ ಮನುಷ್ಯ, ನಿದ್ದೆಗೆಟ್ಟು, ಸಿಡಿಮಿಡಿಗೊಂಡು, ಬೆವರುತ್ತ ನಿಂತು ಮಾಡಿದ ಕೆಲಸ ಇದು.

ಅವಳ ಹಿಂದೆ ಬಳೆಯ ಸದ್ದಾಯಿತು. ಮಾಳಮ್ಮ. ಸೆರಗಿನ ಮರೆಯಲ್ಲಿ ಮನೆಯ ತಾಟು, ಅದರಲ್ಲಿ ಒಂದು ರೊಟ್ಟಿ.

"ಬ್ಯಾಡ ಅಂದಿದ್ದಿಯಲ್ಲವ್ವ ನೀನು?" ಸುಮಂಗಲಾ ಪಿಸುಗುಟ್ಟಿದಳು.

"ಅಂದಿದ್ದೆ. ಈ ಮನಶ್ಯಾ ಹೇಳದ ಬಿಡ್ತಾನೇನು?" ಎಂದು ಮಾಳಮ್ಮ ಒಳಗೆ ನಡೆದಳು. ಗಂಡನ ಎದುರಿಗೆ ತಾಟು ಹಿಡಿದಳು. ಅವನು ಅಂಚು ಮುಟ್ಟಿ ಮೊದಲ ಸಲದಂತೆ ನಿಧಾನವಾಗಿ ಆಣೆಯ ಮಾತು ಹೇಳಿದ. "ಇವತ್ತಿಗೆ ನನಗ ಮೂರು ದಿನ" ಎಂದು ಹೋಗಿ ಕೊನೆಯ ಗೋಣಿಚೀಲದ ಮೇಲೆ ಕೂತ. ಗಾದೆಪ್ಪ ಎದ್ದು, ಜೇಬು ತಡಕಿ, ಎರಡು ಗುಳಿಗೆ ತೆಗೆದು ಹೊಟ್ಟಿನ ರಾಶಿಗೆ ಎಸೆದ. "ನನಗ ಶೂನ್ಯ ದಿನ. ಮಧ್ಯಾಹ್ನನ ಒಂದು ತಿಂದೀನಿ" ಎಂದು ಕೊಟ್ರಬಸಪ್ಪನ ಪಕ್ಕದಲ್ಲಿ ಕುಕ್ಕರಿಸಿದ.

ಮರುವಾರ ಏಳು ಜನ ಬಂದರು. ಅದರ ಮರುವಾರ ಎಂಟು. ಒಬ್ಬ ಸಾರಾಯಿಗೆ ಮರಳಿದ. ಅವನ ಹೆಂಡತಿ ನೀರಿನ ಟ್ಯಾಂಕಿನ ಹತ್ತಿರ ಮಾಳಮ್ಮನನ್ನು ಹಿಡಿದು ಬೈದಳು. ಮಾಳಮ್ಮ ಕೊಡ ಇಳಿಸಿ, ಬೈಸಿಕೊಂಡು ಬಂದಳು. ಕೊಟ್ರಬಸಪ್ಪ ದಿನವೂ ಮಿಲ್ಲಿಗೆ ಹೋಗುವ ಮುಂಚೆ ಕುಡಿತಕ್ಕೆ ಮರಳಿದವನ ಮನೆಯ ಬಾಗಿಲಿಗೆ ಹೋಗಿ ಕೂರುತ್ತಿದ್ದ. ಒಳಗೆ ಕರೆದರೆ ಹೋಗುತ್ತಿದ್ದ, ಕರೆಯದಿದ್ದರೆ ಎದ್ದು ಬರುತ್ತಿದ್ದ. ಮನೆಯಲ್ಲಿ ರೇಗುವುದು ಪೂರ್ತಿ ನಿಂತಿರಲಿಲ್ಲ. ರೇಗಿದ ಮೇಲೆ ಮಾತ್ರ ಕೊಡಲಿ ಹಿಡಿದು ಹಿತ್ತಲಿಗೆ ಹೋಗಿ ಕಟ್ಟಿಗೆ ಒಡೆಯುತ್ತಿದ್ದ. ಮಾಳಮ್ಮನಿಗೆ ಎರಡು ತಿಂಗಳಿಗಾಗುವಷ್ಟು ಸೌದೆ ಆಯಿತು.

ಮಾರೇಶನ ಸುದ್ದಿಯೇ ಇರಲಿಲ್ಲ. ಲಾರಿ ಮಂಗಳೂರಿನ ಕಡೆ ಹೋಗಿದೆ ಎಂದರು.

ಮೂರನೇ ವಾರದ ಒಂದು ಮಧ್ಯಾಹ್ನ ಅವನು ಮೆಡಿಕಲ್ ಶಾಪಿನ ಮುಂದೆ ಬಂದು ನಿಂತ. ಕಣ್ಣು ಗುಳಿಬಿದ್ದಿದ್ದವು. ಕೈ ನಡುಗುತ್ತಿತ್ತು. ಆದರೆ ವಾಸನೆ ಇರಲಿಲ್ಲ. ಜೇಬಿನಿಂದ ಒಂದು ಕೆಮ್ಮಿನ ಔಷಧಿಯ ಶೀಶೆ, ಅರ್ಧ ಖಾಲಿಯಾದ ಮಾತ್ರೆಯ ಪಟ್ಟಿ, ಹಲ್ಲುಪುಡಿಯ ಪಾಕೀಟು ತೆಗೆದು ಕೌಂಟರಿನ ಮೇಲೆ ಸಾಲಾಗಿ ಇಟ್ಟ.

"ತಂಗಿ, ಇವನ್ನಿಷ್ಟು ಓದು. ಸಣ್ಣ ಅಕ್ಷರಾನೂ ಓದು."

ರಾಮಣ್ಣ ಪೇಪರಿನಿಂದ ತಲೆ ಎತ್ತಿ, "ತಗೊಳ್ಳೋದು ಬೇರೆ ಕಡಿ, ಓದಿಸೋದು ನನ್ನ ಅಂಗಡ್ಯಾಗೇನಲೇ?" ಎಂದ. ಆದರೆ ಓದುವುದನ್ನು ತಡೆಯಲಿಲ್ಲ.

ಸುಮಂಗಲಾ ಒಂದೊಂದೇ ಓದಿದಳು. "ಇದು ಕುಡಿದ್ರ ತೂಕಡಿಕಿ ಬರ್ತೈತಿ, ಕೆಮ್ಮು ಇಲ್ಲಂದ್ರ ಬ್ಯಾಡ. ಈ ಮಾತ್ರಿ ಡಾಕ್ಟರ್ ಚೀಟಿ ಇಲ್ದ ಯಾರು ಕೊಟ್ರು ನಿನಗ? ಇದೂ ಬ್ಯಾಡ." ಅವಳು ಹಲ್ಲುಪುಡಿಗೆ ಕೈ ಹಾಕಿದಳು.

"ಅದರಾಗ ತಂಬಾಕು ಐತಿ, ಅದು ನನಗ ಗೊತ್ತೈತಿ. ಅದೊಂದು ಓದಬ್ಯಾಡ ಬಿಡವ್ವ, ಏನರ ಒಂದು ಇರ್ಲಿ" ಎಂದು ಅವನು ಪಾಕೀಟನ್ನು ಗಬಕ್ಕನೆ ಜೇಬಿಗಿಳಿಸಿದ. ಉಳಿದೆರಡನ್ನು ಅವಳ ಕಡೆ ತಳ್ಳಿದ. ಆಮೇಲೆ ಎತ್ತಲೋ ನೋಡುತ್ತ ಕೇಳಿದ: "ಅಣ್ಣಗ ನಿದ್ದಿ ಬರಾಕತ್ತೈತೇನು?"

"ಇನ್ನೂ ಸರಿಯಾಗಿ ಇಲ್ಲ."

"ನನಗೂ ಇಲ್ಲ." ಅವನು ಕೆನ್ನೆ ಕೆರೆದುಕೊಂಡ. "ಎಲ್ಲಿ ಅದಾನ ಈಗ?"

"ಮಿಲ್ಲಿನ್ಯಾಗ."

ಮಾರೇಶ ತನ್ನ ಲಾರಿ ನಿಂತಿದ್ದ ಕಡೆಗೊಮ್ಮೆ ನೋಡಿದ. ಆಮೇಲೆ ಹೈವೇ ದಾಟಿ, ಶೇಂಗಾ ಮಿಲ್ಲಿನ ದಾರಿ ಹಿಡಿದ.