ಮುಂದಿನ ಖೋಲಿಯ ಕಾಗದ

ನಡುರಾತ್ರಿ ಮುಂದಿನ ಖೋಲಿಯಿಂದ ಚರ್ರ್ ಎಂದು ಸಣ್ಣ ಸಪ್ಪಳ ಬಂತು. ಇಲಿಯಲ್ಲ, ಇಲಿ ನಿಂತು ನಿಂತು ಕೆರೆಯುತ್ತದೆ. ಇದು ಯಾರೋ ಹಳೆಯ ಸೀರೆಯನ್ನು ನಿಧಾನವಾಗಿ ಸೀಳಿದ ಹಾಗಿತ್ತು. ನಾಗರತ್ನಾ ಕಣ್ಣು ಬಿಟ್ಟುಕೊಂಡು ಕೇಳುತ್ತ ಮಲಗಿದಳು. ಮೊದಲಿನಿಂದಲೂ ಅವಳ ನಿದ್ದೆ ತೆಳು. ಕೀಲಿ ಹಾಕಿದ ಬಾಗಿಲನ್ನು ಇನ್ನೊಮ್ಮೆ ಜಗ್ಗಿ ನೋಡಿಯೇ ಮಲಗುವ ಹೆಣ್ಣುಮಗಳು ಅವಳು.

ಬಾಜೂಕ್ಕೆ ಮಲಗಿದ್ದ ಗಂಡ ದುಂಡೇಶನಿಗೂ ಎಚ್ಚರವಿತ್ತು. "ಗ್ವಾಡಿ ಕಾಗದ ಬಿಟ್ಟಿರಬೇಕು. ಮಲ್ಕೊ" ಅಂದ.

ಬೆಳಿಗ್ಗೆ ನೋಡಿದರೆ ಖರೆ. ಆ ವರ್ಷ ಗೋಕಾಕದಲ್ಲಿ ಮಳೆ ಜೋರಾಗಿತ್ತು. ಗೋಡೆ ಹಸಿ ಹಿಡಿದು, ಹೂಬಳ್ಳಿಯ ವಾಲ್‌ಪೇಪರ್ ಮೇಲಿನ ಮೂಲೆಯಿಂದ ಸುರುಳಿಯಾಗಿ ಜೋತುಬಿದ್ದಿತ್ತು. ಖೋಲಿಯ ತುಂಬ ಬೂಷ್ಟಿನ ವಾಸನೆ.

"ಎಲ್ಲಾ ತಗದು ಸ್ವಚ್ಛ ಬಣ್ಣ ಹಚ್ಚಿಸಿಬಿಡೂಣು" ಅಂದಳು ನಾಗರತ್ನಾ.

ಅತ್ತೆ ಬಾಳವ್ವ ಚಹಾ ಕುಡಿಯುವುದನ್ನು ನಿಲ್ಲಿಸಿದಳು. "ತಗಿಯೂದೇನ ಬ್ಯಾಡ. ದೀಪಾವಳಿಗೆ ಅದರ ಮ್ಯಾಲೇ ಹೊಸಾದು ಹಚ್ಚಿಸಿದ್ರಾತು."

"ಬೂಷ್ಟ ಹಿಡದೈತ್ರಿ ಅತ್ತಿ. ಮಗಳಿಗೆ ಕೆಮ್ಮ ಸುರು ಆಗೇತಿ."

"ನಿನಗ ಎಲ್ಲಾದಕ್ಕೂ ಅಂಜಿಕಿ ನೋಡು ದ್ರಾಕ್ಷಾಯಿಣಿ. ಹಲ್ಲಿ ಕೆಮ್ಮಿದ್ರೂ ಡಾಕ್ಟರ್ ಕಡೆ ಓಡಾಕಿ."

ದುಂಡೇಶ ನಕ್ಕ. ನಕ್ಕ ಮೇಲೆ ಅವ್ವನ ಮುಖ ನೋಡಿದ. ಆ ನೋಟ ನಾಗರತ್ನಾಳ ಕಣ್ಣು ತಪ್ಪಲಿಲ್ಲ. ಅರ್ಥ ಮಾತ್ರ ಆಗಲಿಲ್ಲ.

ತವರೂರು ಹುಕ್ಕೇರಿಯಲ್ಲಿ ಅವಳು ನಾಗರತ್ನಾ. ಬಿ.ಎ. ಮುಗಿಸಿದ್ದೂ ಅದೇ ಹೆಸರಿನಲ್ಲಿ. ಮದುವೆಯ ದಿನ ಅಕ್ಕಿಕಾಳು ಬಿದ್ದ ಮೇಲೆ, ಆ ಕಡೆಯ ಪದ್ಧತಿಯಂತೆ, ತಾಟಿನಲ್ಲಿ ಹರವಿದ ಅಕ್ಕಿಯ ಮೇಲೆ ದುಂಡೇಶ ಉಂಗುರದಿಂದ ಅವಳ ಹೊಸ ಹೆಸರು ಬರೆದ: ದ್ರಾಕ್ಷಾಯಿಣಿ. ಅವನ ಮುತ್ತಜ್ಜಿಯ ಹೆಸರಂತೆ. "ಮರಿತೀಯಪಾ, ಎಲ್ಲ್ಯಾರ ಬರಕೊಂಡ ಇಡು" ಎಂದು ಗೆಳೆಯರು ಕಾಡಿದಾಗ, "ಮರಿಯೂ ಹೆಸರಲ್ಲ ಬಿಡ್ರಿ" ಅಂದಿದ್ದ. ಎಲ್ಲರೂ ನಕ್ಕಿದ್ದರು. ಅವಳೂ ತಲೆ ತಗ್ಗಿಸಿ ನಕ್ಕಿದ್ದಳು.

ದುಂಡೇಶನ ಬೀಜ-ಗೊಬ್ಬರದ ಅಂಗಡಿ ಇರುವುದು ಮೂಡಲಗಿಯಲ್ಲಿ. ಅಂದು ಅಂಗಡಿ ತೆರೆಯದೆ, ಅವ್ವನ ಮೊಣಕಾಲು ತೋರಿಸಲು ಅವಳನ್ನು ಘಟಪ್ರಭಾಕ್ಕೆ ಕರೆದುಕೊಂಡು ಹೋದ. ಮಗಳು ಸಾಲಿಗೆ ಹೋದಳು. ಮನೆ ಖಾಲಿಯಾದದ್ದೇ ತಡ, ನಾಗರತ್ನಾ ಸೆರಗು ಸಿಕ್ಕಿಸಿದಳು. ಎಲ್ಲ ಮುಗಿಸಿ, ಗೋಡೆ ಒರೆಸಿ ಇಟ್ಟರೆ ಬೈಯುವವರು ಎಷ್ಟು ಬೈದಾರು?

ಬಿಸಿನೀರಲ್ಲಿ ಅರಿವೆ ಅದ್ದಿ ಕಾಗದದ ಮೇಲೆ ಒತ್ತುವುದು, ಅಂಟು ಬಿಡುವ ತನಕ ತಾಳುವುದು, ಆಮೇಲೆ ಕೆಳಗಿನ ಅಂಚಿಗೆ ಗೋಡೆಗೆ ಪುಟ್ಟಿ ಬಳಿಯುವ ತಗಡಿನ ಪಟ್ಟಿ ತೂರಿಸಿ ಮೇಲಕ್ಕೆ ಸುಲಿಯುವುದು. ಕೆಲಸ ಕೈಗೆ ಹತ್ತಿತು. ಮೊದಲು ಒಂದು ಆನೆಯ ಕಾಲು ಕಂಡಿತು. ನೀಲಿ ಎಣ್ಣೆಬಣ್ಣದ ಆನೆ. ನಂತರ ಕಳಸ, ಅದರ ಆಚೆ ಇನ್ನೊಂದು ಆನೆ. ಅವಳಿಗೆ ನಗು ಬಂತು. ಲಗ್ನದ ಮನೆಯ ಮುಂಬಾಗಿಲ ಗೋಡೆಗೆ ಬಣ್ಣದವನನ್ನು ಕರೆಸಿ ಬರೆಯಿಸುವ ಚಿತ್ರ ಇದು. ಆನೆಗಳ ನಡುವೆ ಕೆಂಪು ಅಕ್ಷರ: ಶುಭ ವಿವಾಹ. ಚಿ. ದುಂಡೇಶ. ಅದರ ಕೆಳಗೆ, ಕೊನೆಯ ತುಂಡು ಸುಲಿದಾಗ, ಚಿ. ಕುಂ. ಸೌ. ದ್ರಾಕ್ಷಾಯಿಣಿ.

ಅಯ್ಯ, ನಮ್ಮ ಲಗ್ನದ್ದು!

ಮೊಬೈಲಿನಲ್ಲಿ ಫೋಟೋ ತೆಗೆದಳು. 'ಏನು ಸಿಕ್ಕಿತು ನೋಡ್ರಿ' ಎಂದು ಗಂಡನಿಗೆ ಬರೆದಳು. ಕಳಿಸಬೇಕು, ಅಷ್ಟರಲ್ಲಿ ಬೆರಳು ನಿಂತಿತು.

ಲಗ್ನದ ಮೊದಲು ಬರೆಯುವ ಗೋಡೆಯ ಮೇಲೆ ಲಗ್ನದ ದಿನ ಇಟ್ಟ ಹೆಸರು ಹೇಗೆ ಬರುತ್ತದೆ? ಅಲ್ಲಿ ಇರಬೇಕಾದದ್ದು ನಾಗರತ್ನಾ. ಇತ್ತು ಕೂಡ, ಹೊಸ್ತಿಲು ದಾಟುವಾಗ ಹೊರಗಿನ ಗೋಡೆಯ ಮೇಲೆ ತನ್ನ ಹೆಸರು ಓದಿದ ನೆನಪು ಅವಳಿಗೆ ಸ್ಪಷ್ಟವಾಗಿತ್ತು. ಅವಳು ಬರುವ ಹೊತ್ತಿಗೇ ಈ ಗೋಡೆ ಖೋಲಿಯ ಒಳಗಿತ್ತು. ಮೊದಲು ಇದು ಬರೀ ಮುಂದಿನ ಕಟ್ಟೆ, ಆಮೇಲೆ ಗೋಡೆ ಎಬ್ಬಿಸಿ ಒಳಗೆ ತಗೊಂಡೆವು ಎಂದು ಬಾಳವ್ವನೇ ಹೇಳಿದ್ದಳು. ಬಂದ ದಿನವೇ ಹೂಬಳ್ಳಿಯ ಕಾಗದ ನೋಡಿ ಹೊಸ ಸೊಸೆ ಮೆಚ್ಚಿಕೊಂಡಿದ್ದಳು. ಹಾಗಾದರೆ ಕಾಗದದ ಕೆಳಗಿನ ಈ ಬರಹ ಅದಕ್ಕೂ ಮೊದಲಿನದು.

ಅವಳು ಒದ್ದೆ ಕಾಗದದ ಗುಡ್ಡೆಯ ಮೇಲೇ ಕುಳಿತಳು. ಎಷ್ಟೋ ಹೊತ್ತಿನ ಮೇಲೆ ಹುಕ್ಕೇರಿಗೆ ಫೋನು ಮಾಡಿದಳು. ಇಂಥ ಮಾತು ಆಡಲಿಕ್ಕೆ ಲೋಕದಲ್ಲಿ ಅವಳಿಗೆ ಇದ್ದದ್ದು ಒಬ್ಬಳೇ.

"ಏನ ದ್ರಾಕ್ಷಾಯಿಣಿ, ಉಂಡ್ಯಾ?" ಅಂದಳು ತಾಯಿ ಅಲ್ಲವ್ವ. "ನಾ ಇಲ್ಲಿ ಮೆಣಸಿನಕಾಯಿ ತೊಟ್ಟ ಮುರದು ಮುರದು ಕೈಯೆಲ್ಲಾ ಬೆಂಕಿ."

"ಯವ್ವಾ, ಮುಂದಿನ ಖೋಲಿ ಗ್ವಾಡಿ ಕಾಗದ ತಗದೇನಿ."

ಅಷ್ಟೇ ಅಂದದ್ದು.

"ಯಾರ ತಗಿ ಅಂದ್ರ ನಿನಗ?" ಅಲ್ಲವ್ವನ ದನಿ ಸಣ್ಣದಾಗಿತ್ತು. "ಮ್ಯಾಲೆ ಇನ್ನೊಂದು ಹಚ್ಚಸ್ತೀವಿ ಅಂದಿದ್ಲಲ್ಲ ಬಾಳಕ್ಕ."

ನಾಗರತ್ನಾ ಎದ್ದು ನಿಂತಳು. "ನಿನ್ನ, ಅತ್ತಿ ನಡುವ ಕಾಗದದ ಮಾತು ಯಾಕ ಬಂತು?"

"ಸುಣ್ಣ ಹಚ್ಚಿದ್ರ ಎಣ್ಣಿಬಣ್ಣ ಮತ್ತ ಮ್ಯಾಲೆ ಮೂಡ್ತಿತ್ತಂತ. ಅದಕ್ಕ ಕಾಗದ..." ಎಂದು ತಡವರಿಸಿ, ಕಟ್ಟೆ ಒಡೆದ ಹಾಗೆ ಶುರುಮಾಡಿದಳು. "ಹುಡುಗಂದ ಏನೂ ತಪ್ಪಿಲ್ಲವಾ. ಮೊದಲಿನ ಹೇಣ್ತಿ ಕೌಜಲಗಿಯಾಕಿ. ನಾಕು ದಿನ ಇದ್ದಂಗ ಮಾಡಿ ತವರಿಗೆ ಹ್ವಾದಾಕಿ ತಿರುಗಿ ಬರಲಿಲ್ಲ. ಸೋಡಚೀಟಿ ಬರದು ಇಬ್ಬರೂ ಬ್ಯಾರೆ ಆದ್ರು. ಮುಗದದ್ದು ಅದು."

"ಆಕಿ ಹೆಸರ ನನಗ್ಯಾಕ ಇಟ್ರಿ?"

"ದೂರದ ಬೀಗರಿಗೆಲ್ಲಾ ದುಂಡೇಶನ ಹೇಣ್ತಿ ದ್ರಾಕ್ಷಾಯಿಣಿ ಅಂತ ಗೊತ್ತಾಗಿತ್ತು. ಹೆಸರ ಒಂದ ಇದ್ರ ಯಾರೂ ಕೇಳೂದಿಲ್ಲ, ಯಾರಿಗೂ ಹೇಳೂದ ಬೀಳೂದಿಲ್ಲ ಅಂದ್ಲು ಬಾಳಕ್ಕ. ನಮಗೂ ಬರೋಬ್ಬರಿ ಅನಿಸ್ತು."

"ನನಗ ಹೇಳಬೇಕಂತ ಅನಿಸಲಿಲ್ಲೇನು?"

"ನಿನಗ ಹೇಳಿದ್ರ ನೀ ಒಪ್ತಿದ್ದಿಲ್ಲ."

ಹಿಂದೊಮ್ಮೆ ಸಂಕೇಶ್ವರದ ಒಂದು ಮದುವೆಯಲ್ಲಿ ಯಾರೋ ಮುದುಕಿ ಅವಳ ಗದ್ದ ಹಿಡಿದು, "ಭಾಳ ಬದಲಾಗೀದಿ ದ್ರಾಕ್ಷಾಯಿಣಿ, ಗುರ್ತ ಹತ್ತಲಿಲ್ಲ" ಅಂದಿದ್ದಳು. ಕಣ್ಣು ಮಂಜಾಗಿದೆ, ಪಾಪ, ಎಂದುಕೊಂಡು ಇವಳು ಕಾಲಿಗೆ ನಮಸ್ಕಾರ ಮಾಡಿದ್ದಳು. ಮದುವೆಯಾದ ಮರುದಿನದಿಂದಲೇ ಹೆತ್ತ ತಾಯಿ ಒಂದು ಸಲವೂ ತಪ್ಪದೆ ಹೊಸ ಹೆಸರು ಹಿಡಿದು ಕರೆದಾಗ, ನನ್ನ ಸಂಸಾರಕ್ಕೆ ಎಷ್ಟು ಮರ್ಯಾದೆ ಕೊಡುತ್ತಾಳೆ ಎಂದುಕೊಂಡಿದ್ದಳು. ಅದು ಮರ್ಯಾದೆಯಲ್ಲ, ಕಾವಲು.

"ಅತ್ತಿಯವರಿಗೆ ಫೋನ್ ಮಾಡಬ್ಯಾಡ" ಅಂದಳು ನಾಗರತ್ನಾ. "ಮಾಡಿದ್ರ ನಿನ್ನ ಹೊಸ್ತಿಲಾ ತುಳಿಯೂದಿಲ್ಲ ನಾ." ತಾಯಿ ಅಳುತ್ತಿರುವಾಗಲೇ ಫೋನು ಇಟ್ಟಳು.

ಫೋಟೋ ಅಳಿಸಿದಳು. ತಗಡಿನ ಪಟ್ಟಿ ತಗೊಂಡು ಗೋಡೆ ಕೆರೆಯತೊಡಗಿದಳು. ಆನೆಗಳು ಬೇಗ ಉದುರಿದವು. ಹೆಸರು ಗಾರೆಯೊಳಗೆ ಇಳಿದಿತ್ತು. ಗಾರೆಯ ಸಮೇತ ಕೆತ್ತಬೇಕಾಯಿತು. ಕೌಜಲಗಿಯ ಆ ಹುಡುಗಿಯ ಮೇಲೆ ಅವಳಿಗೆ ಸಿಟ್ಟು ಹುಟ್ಟಲಿಲ್ಲ. ಆಕೆ ತನ್ನ ಹೆಸರನ್ನೂ ತಗೊಂಡು ಹೋಗಿದ್ದರೆ ಎಷ್ಟು ಚೆನ್ನಾಗಿತ್ತು ಎಂದಷ್ಟೇ ಅನಿಸಿತು.

ಹೊತ್ತು ಇಳಿದಾಗ ಅವರು ಬಂದರು. ಬಾಳವ್ವ ಹೊಸ್ತಿಲಲ್ಲೇ ಬಾಗಿಲ ಚೌಕಟ್ಟು ಹಿಡಿದು ನಿಂತಳು. ದುಂಡೇಶನ ಕೈಯಲ್ಲಿ ಔಷಧದ ಚೀಲ ಹಾಗೇ ಇತ್ತು.

"ತಗದೇಬಿಟ್ಟಿಯೇನು?" ಅಂದ. "ಏನಿತ್ತು ಕೆಳಗ?"

"ಏನಿರ್ತೈತ್ರಿ? ಗಾರಿ ಸಡ್ಲಾಗಿತ್ತು. ಉದುರಿ ಬಿತ್ತು."

ತಾಯಿ ಮಗನ ಮುಖ ನೋಡಿದಳು, ಮಗ ತಾಯಿಯ ಮುಖ. ಇಬ್ಬರ ಹೆಗಲೂ ಇಷ್ಟಿಷ್ಟೇ ಇಳಿದದ್ದನ್ನು ನಾಗರತ್ನಾ ಕಂಡಳು. "ಛಲೋ ಆತು ಬಿಡು" ಅಂದಳು ಬಾಳವ್ವ. "ಚಹಾ ಇಡು ದ್ರಾಕ್ಷಾಯಿಣಿ, ಕಾಲು ಸೇದಾಕತ್ತಾವು."

ನಾಗರತ್ನಾ ಒಲೆ ಹಚ್ಚಿದಳು. ಕಂಡೆ ಎಂದು ಹೇಳಿದರೆ ರಾತ್ರಿ ಊಟದ ಹೊತ್ತಿಗೆ ಅವರ ಬಳಿ ಉತ್ತರ ತಯಾರಾಗುತ್ತದೆ. ನಿನ್ನ ಒಳ್ಳೇದಕ್ಕೇ ಮಾಡಿದ್ದು ಎನ್ನುತ್ತಾರೆ. ತಾಯಿಯೂ ಅವರ ಜೊತೆ ಕೂತು ಹೌದೆನ್ನುತ್ತಾಳೆ. ಒಪ್ಪಿಕೊಳ್ಳುವ ಸರದಿ ಮತ್ತೆ ತನ್ನದೇ ಆಗುತ್ತದೆ. ಆ ಒಪ್ಪಿಗೆಯನ್ನು ಅವರಿಗೆ ಕೊಡಲು ಅವಳಿಗೆ ಮನಸ್ಸಾಗಲಿಲ್ಲ. ಗಂಡನಿಗಿಲ್ಲ, ಅತ್ತೆಗಿಲ್ಲ, ನಾಳೆ ದೊಡ್ಡವಳಾದ ಮಗಳು ಕೇಳಿದರೂ ಇಲ್ಲ. ಗೋಡೆಯ ಮೇಲೆ ಕಂಡದ್ದನ್ನು ಯಾರಿಗೂ ಹೇಳುವುದಿಲ್ಲ ಎಂದು ನಿರ್ಧರಿಸಿ, ಅವಳು ಬುಡ್ಡಿಯಿಂದ ಸಕ್ಕರೆ ತೆಗೆದಳು.