ಒಳಗ ಕೊಳ್ಳುವ ಸಮಿತಿ

ಮೋಟೆಬೆನ್ನೂರಿನ ನಮ್ಮ ಮೆಣಸಿನಪುಡಿ ಕಾರ್ಖಾನೆಯಲ್ಲಿ ಮೂರು ವರ್ಷದ ಹಿಂದೆ ಒಂದು ಸಮಿತಿ ಮಾಡಿದರು. ನಮ್ಮ ಪುಡಿ ಕೊಳ್ಳುವ ಹೊರದೇಶದ ಕಂಪನಿ ಹಾಗೆ ಕೇಳಿತ್ತು. ಅಂಗವಿಕಲರು, ಬೇರೆ ಬೇರೆ ಜಾತಿ ಧರ್ಮದವರು, ಎಲ್ಲರೂ ಕೂಡಿ ಕೆಲಸ ಮಾಡುವಂತೆ ನೋಡಿಕೊಳ್ಳಬೇಕಂತೆ. ಹೆಸರು ‘ಒಳಗೊಳ್ಳುವಿಕೆ ಸಮಿತಿ’. ಮ್ಯಾನೇಜರ್ ಸಿದ್ದಲಿಂಗೇಶ ಸಾಹೇಬರು ಆ ಹೆಸರನ್ನು ಬ್ಯಾಡಗಿಯ ಪೇಂಟರ್ ಮಾಂತೇಶನಿಗೆ ಫೋನಿನಲ್ಲಿ ಹೇಳಿದರು. ಮಾಂತೇಶ ತನಗೆ ಕೇಳಿಸಿದ್ದನ್ನು ಬೋರ್ಡಿನ ಮೇಲೆ ಬರೆದ: ‘ಒಳಗ ಕೊಳ್ಳುವ ಸಮಿತಿ’.

ಯಾರೂ ತಿದ್ದಲಿಲ್ಲ. ಕಾರ್ಖಾನೆಯ ಒಳಗೆ ಏನಾದರೂ ಕೊಳ್ಳುವುದಿದ್ದರೆ ಈ ಸಮಿತಿಗೆ ಹೇಳಬೇಕು ಎಂದು ಹೆಂಗಸರು ತಿಳಿದರು. ಮೊದಲ ಸಭೆಯಲ್ಲೇ ನೀಲಗಂಗವ್ವ ಎರಡು ಕಸಬರಿಗೆ ಕೇಳಿದಳು. ತರಿಸಿಕೊಟ್ಟರು. ಸಭೆಯ ವಹಿ ಬರೆಯುವ ಕೆಲಸ ನನಗೆ ಬಂತು. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟವಳು, ಆದರೆ ಅಕ್ಷರ ದುಂಡಗಿವೆ. ನಾನು ಹೆಚ್ಚು ಮಾತಾಡುವವಳೂ ಅಲ್ಲ. ಅದು ಸಾಹೇಬರಿಗೆ ಸೇರಿತ್ತು. ಬೋರ್ಡು ನೋಡಿಕೊಂಡು ವಹಿಯ ಮೇಲೆ ಹೆಸರು ಬರೆದೆ.

ಮೂರನೆಯ ಸಭೆಯಲ್ಲಿ ಬೇನಜೀರ ಒಂದು ಬಲ್ಬು ಕೇಳಿದಳು. ಅವಳಿಗೆ ಹುಟ್ಟಿನಿಂದ ಕಿವಿ ಕೇಳುವುದಿಲ್ಲ. ಕೈಸನ್ನೆ ಮಾಡುತ್ತಾಳೆ, ಇಲ್ಲವೇ ಬರೆದು ತೋರಿಸುತ್ತಾಳೆ. ಆಗ ಅಂಗಳದಲ್ಲಿ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ಅಂಗಳದವರು ಹಂಗಾಮು ಮುಗಿದರೆ ಮನೆಗೆ, ಒಳಗೆ ಮಷಿನ್ ಬೆಲ್ಟಿನ ಮುಂದೆ ಕೂಡ್ರುವ ನಾವು ಖಾಯಂ. ಬೆಲ್ಟು ಚಾಲೂ ಆಗುವ ಮೊದಲು ಎಚ್ಚರಿಕೆಯ ಭೋಂಗಾ ಕೂಗುತ್ತದೆ, ಅದು ಕೇಳದವರನ್ನು ಹತ್ತಿರ ಕೂಡಿಸುವ ಹಾಗಿಲ್ಲ. ಭೋಂಗಾದ ಜೊತೆ ಕೆಂಪು ದೀಪವೂ ಹತ್ತಿದರೆ ತಾನೂ ಕೂಡ್ರಬಹುದು ಎಂದು ಅವಳು ಚೀಟಿಯಲ್ಲಿ ಬರೆದು ಕೊಟ್ಟಳು. ನಾನು ವಹಿಯಲ್ಲಿ ‘ಕೆಂಪು ಬಲ್ಬು, ಒಂದು’ ಎಂದಷ್ಟೇ ಬರೆದೆ. ಬಲ್ಬು ಬಂತು. ಬೇನಜೀರ ನನ್ನ ಪಕ್ಕಕ್ಕೆ ಬಂದಳು.

ಈ ವರ್ಷ ಕಂಪನಿಯಿಂದ ಇನ್ನೊಂದು ಪತ್ರ ಬಂತು.

“ಆ ದೇಶದಾಗ ಸರಕಾರ ಬದಲಿ ಆಗೇತಿ,” ಎಂದರು ಸಾಹೇಬರು. “ಇಂಥಾ ಸಮಿತಿ ಇರೂ ಹಂಗಿಲ್ಲ. ಒಬ್ಬರ ಸಲುವಾಗಿ ಬ್ಯಾರೆ ಅಂತ ಏನೂ ಮಾಡೂ ಹಂಗಿಲ್ಲ.”

“ಅಲ್ಲಿ ಸರಕಾರ ಬದಲಿ ಆದ್ರ ಇಲ್ಲಿ ಕಸಬರಿಗಿ ಕೊಡೂದಿಲ್ಲೇನ್ರಿ?” ಎಂದಳು ನೀಲಗಂಗವ್ವ.

“ಕಸಬರಿಗಿ ಅಲ್ಲ ನೀಲಗಂಗವ್ವಾ. ಬಲ್ಬು.”

“ಬಲ್ಬ್ ಏನ್ ಮಾಡೇತ್ರಿ ಅವ್ರಿಗೆ?”

“ತಪಾಸಣಿಗೆ ಬೆಂಗಳೂರಿಂದ ಕಂಪನಿ ಮೇಡಮ್ ಬರಾಕತ್ತಾರ. ಅವ್ರು ತಗೀರಿ ಅಂದ್ರ ತಗಿಯೂದ. ತಗದ್ರ ಆಕಿ ಅಂಗಳಕ್ಕ.”

ಬೇನಜೀರ ಆಚೆ ಊಟದ ಡಬ್ಬಿ ತೊಳೆಯುತ್ತಿದ್ದಳು. ಇದನ್ನೆಲ್ಲ ಬರೆದು ತೋರಿಸಿದೆ. ಎರಡು ಸಲ ಓದಿದಳು. ಡಬ್ಬಿಯನ್ನು ಮತ್ತೊಮ್ಮೆ ತೊಳೆದಳು.

ಸುರೇಖಾ ಮೇಡಮ್ ಗುರುವಾರ ಹಾವೇರಿ ಸ್ಟೇಷನ್ನಿನಲ್ಲಿ ಇಳಿದು ಕಾರಿನಲ್ಲಿ ಬಂದರು.

“ಒಳಗೊಳ್ಳುವಿಕೆ ಸಮಿತಿ ಬೋರ್ಡ್ ಎಲ್ಲಿದೆ? ತೆಗೆಸಿ ಫೋಟೋ ಕಳಿಸಬೇಕು.”

ಸಾಹೇಬರು ಗೋಡೆ ತೋರಿಸಿದರು. ಮೇಡಮ್ ಓದಿದರು, ಕೈಯಲ್ಲಿದ್ದ ಕಾಗದ ನೋಡಿದರು, ಮತ್ತೆ ಓದಿದರು.

“ಇದು ಖರೀದಿ ಸಮಿತಿ ಅಲ್ವೇನ್ರಿ?”

ಸಾಹೇಬರೂ ಓದಿದರು. ಮೂರು ವರ್ಷದಲ್ಲಿ ಅವರು ಅದನ್ನು ಓದಿದ್ದು ಅದೇ ಮೊದಲು.

ಮೇಡಮ್ ವಹಿ ತರಿಸಿದರು. “ಕಸಬರಿಗೆ, ಎರಡು. ಹಂಡೆ ಮುಚ್ಚಳ, ಒಂದು. ಕೆಂಪು ಬಲ್ಬು, ಒಂದು. ಬಲ್ಬು ಯಾರಿಗೆ?”

ಎಲ್ಲರೂ ನನ್ನನ್ನು ನೋಡಿದರು. ಬರೆದವಳು ನಾನು.

“ಎಲ್ಲಾರಿಗೂ ರೀ,” ಎಂದೆ.

“ಕೇಳಿದ್ದು ಯಾರು?”

“ಎಲ್ಲಾರೂ ರೀ. ಮಷಿನ್ ಸಪ್ಪಳದಾಗ ಭೋಂಗಾ ಯಾರಿಗೂ ಕೇಳ್ಸೂದಿಲ್ರಿ.”

ಭೋಂಗಾದ ಮಾತು ಖರೆ. ಬಲ್ಬು ಬಂದ ಮೇಲೆ ನಾವೆಲ್ಲ ಅದನ್ನೇ ನೋಡುತ್ತೇವೆ. ಮೇಡಮ್ ಪುಡಿ ಮಾಡುವ ಮಷಿನ್ ಚಾಲೂ ಮಾಡಿಸಿ, ಭೋಂಗಾ ಹೊಡೆಸಿ, ಬೆಲ್ಟಿನ ಹತ್ತಿರ ನಿಂತು ಕಿವಿಗೊಟ್ಟರು. ಭೋಂಗಾ ಕೇಳಿಸಲಿಲ್ಲ, ದೀಪ ಕಂಡಿತು. ‘ಸುರಕ್ಷತೆ, ಎಲ್ಲರ ಬೇಡಿಕೆ’ ಎಂದು ಬರೆದುಕೊಂಡರು. ಉಳಿದ ಎರಡು ಬೆಲ್ಟಿಗೂ ಬಲ್ಬು ಹಾಕಿಸಲು ಹೇಳಿದರು. ಒಳಗೊಳ್ಳುವಿಕೆ ಸಮಿತಿ ಇಲ್ಲಿ ಇರಲೇ ಇಲ್ಲ ಎಂದು ಬರೆದು, ಸಾಕ್ಷಿಗೆ ಒಂದು ಖಾಲಿ ಗೋಡೆಯ ಫೋಟೋ ತೆಗೆದುಕೊಂಡು ಹೋದರು.

ಮೇಡಮ್ ಬರೆದದ್ದನ್ನು ಬೇನಜೀರ ಹಿಂದಿನಿಂದ ಓದಿದ್ದಳು. ಮಧ್ಯಾಹ್ನ ಚೀಟಿ ಕೊಟ್ಟಳು: ‘ಕೇಳಿದಾಕಿ ನಾ.’

‘ನಿನ್ನ ಹೆಸರು ಹೇಳಿದ್ರ ಅಂಗಳಕ್ಕ ಕಳಸ್ತಿದ್ರು,’ ಎಂದು ಕೆಳಗೆ ಬರೆದೆ.

‘ಗೊತ್ತೈತಿ,’ ಎಂದು ಬರೆದಳು. ಡಬ್ಬಿ ಎತ್ತಿಕೊಂಡು ಹೋಗಿ ನೀಲಗಂಗವ್ವನ ಪಕ್ಕ ಕುಳಿತಳು. ಮರುದಿನವೂ ಅಲ್ಲೇ ಕುಳಿತಳು.

ಶನಿವಾರ ಸಭೆ. ಇನ್ನು ಮೇಲೆ ಇದು ಖರೀದಿ ಸಮಿತಿಯೇ ಎಂದು ಸಾಹೇಬರು ಹೇಳಿದರು. ಏನು ಬೇಕು ಎಂದರೆ ಯಾರೂ ಏನೂ ಕೇಳಲಿಲ್ಲ. ಬೇನಜೀರ ಎದ್ದು ಬಂದು ನನ್ನ ಕೈಯಿಂದ ಪೆನ್ನು ತೆಗೆದುಕೊಂಡಳು. ವಹಿಯಲ್ಲಿ ತಾನೇ ಬರೆದಳು: ‘ಕೇಳಿದವರು: ಬೇನಜೀರ. ಕಿಡಕಿಗೆ ಜಾಳಿಗೆ, ಒಂದು.’ ಕೆಳಗೆ ಸಹಿ ಹಾಕಿದಳು. ಸಹಿಗೆ ವಹಿಯ ನಾಲ್ಕು ಸಾಲು ಬೇಕಾದವು.

“ಇದೇನ್ ಸಹಿಯೋ ರಂಗೋಲಿಯೋ?” ಎಂದರು ಸಾಹೇಬರು. ನನ್ನ ಕಡೆ ತಿರುಗಿ, “ಜಾಳಿಗಿ ಎಲ್ಲಾರಿಗೂ ಹೌದಲ್ಲ?” ಎಂದರು.

ಹೂಂ ಎನ್ನಬಹುದಿತ್ತು. ಬೇನಜೀರ ನನ್ನ ತುಟಿಗಳನ್ನೇ ನೋಡುತ್ತಿದ್ದಳು.

“ಅಲ್ರಿ. ಆಕಿ ಒಬ್ಬಾಕಿಗೆ. ಕಿಡಕ್ಯಾಗಿಂದ ಆಕಿ ಕುಂದ್ರೂ ಕಡೆನ ಖಾರದ ಧೂಳ ಹೊಡಿತೈತ್ರಿ.”

ಸಾಹೇಬರು ಕಂಪನಿಯ ಪತ್ರ ಇಟ್ಟಿದ್ದ ಕಪಾಟಿನ ಕಡೆ ಒಮ್ಮೆ ನೋಡಿದರು. ಆಮೇಲೆ ಉಳಿದ ಜಾಗದಲ್ಲಿ, ಬಹಳ ಸಣ್ಣದಾಗಿ, ತಮ್ಮ ಸಹಿ ಹಾಕಿದರು.